ಪರ್ಲ್‌ನಲ್ಲಿ ಸಾಲು ಎಲ್ಲಿ ಮುಗಿಯಬೇಕೆಂದು ನೀವೇ ಹೇಳಿ
ದಾಖಲೆಗಳ ಮಧ್ಯೆ ## ಥರದ ಗುರುತು ಇರುವ ಫೈಲನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪರ್ಲ್‌ನಲ್ಲಿ ಓದುವಾಗ ಸುಮ್ನೆ ಇಡೀ ಫೈಲ್ ಎತ್ತಿಕೊಂಡು ಸ್ಪ್ಲಿಟ್ (split, ತುಂಡು) ಮಾಡಬೇಡಿ, ಓದುವ ಮೊದಲು $/ = "##"; ಅಂತ ಒಂದು ಸಾಲು ಬರೆಯಿರಿ, ಸಾಕು. ಸಾಲು ಎಲ್ಲಿ ಮುಗಿಯಿತು ಎಂದು ಪರ್ಲ್ ತಿಳಿಯುವುದೇ ಈ $/ ವೇರಿಯಬಲ್ ನೋಡಿ. ಹಾಗಾಗಿ ಫೈಲ್ ಓದುವ ವೈಲ್ (while) ಲೂಪ್ ಪ್ರತಿ ಸುತ್ತಿಗೆ ಒಂದು ಪೂರ್ತಿ ದಾಖಲೆ ಕೊಡುತ್ತದೆ, ಫೈಲ್ ಎಷ್ಟೇ ದೊಡ್ಡದಿದ್ದರೂ ಮೆಮೊರಿಯಲ್ಲಿ ಒಂದು ಸಲಕ್ಕೆ ಒಂದೇ ದಾಖಲೆ. ಸಾಲಿನ ಕೊನೆಯ ಗುರುತು ತೆಗೆಯುವ ಚಾಂಪ್ (chomp) ಕೂಡ ಆಗ ಆ ಗುರುತನ್ನೇ ಕತ್ತರಿಸುತ್ತದೆ, ಇದು ನನಗೆ ತುಂಬಾ ಇಷ್ಟ. ಖಾಲಿ ಸಾಲುಗಳಿಂದ ಬೇರೆಯಾದ ಪ್ಯಾರಾಗಳು ಬೇಕಿದ್ದರೆ $/ = ""; ಎಂದಿಡಿ, ನಡುವೆ ನಾಲ್ಕೈದು ಖಾಲಿ ಸಾಲಿದ್ದರೂ ಒಂದೇ ಅಂತ ಲೆಕ್ಕ. ಆದರೆ $/ ಒಳಗೆ ರೆಜೆಕ್ಸ್ (ಹಲವು ರೂಪಗಳಿಗೆ ಹೊಂದುವ ಹುಡುಕು ಮಾದರಿ) ನಡೆಯುವುದಿಲ್ಲ. ಗುರುತು ಒಮ್ಮೆ ## ಒಮ್ಮೆ == ಎಂದು ಬದಲಾಗುತ್ತಿದ್ದರೆ ಸ್ಪ್ಲಿಟ್ಟೇ ಗತಿ. ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸ್‌ನಲ್ಲಿ ಓದಿದರೆ ಪ್ಯಾರಾ ಉಪಾಯವೂ ಕೈಕೊಡುತ್ತದೆ, ಕಣ್ಣಿಗೆ ಖಾಲಿ ಕಂಡ ಸಾಲಿನಲ್ಲಿ ಕ್ಯಾರೇಜ್ ರಿಟರ್ನ್ (ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಕಾಣದ ಅಕ್ಷರ) ಕೂತಿರುತ್ತದೆ ಅಲ್ವಾ. ಇನ್ನೊಂದು, $/ ಇಡೀ ಪ್ರೋಗ್ರಾಮಿಗೆ ಅನ್ವಯಿಸುವ ಗ್ಲೋಬಲ್ ವೇರಿಯಬಲ್. ಬ್ರೇಸ್‌ಗಳ ಒಳಗೆ ಲೋಕಲ್ (local) ಹಾಕಿಯೇ ಬದಲಿಸಿ, ಇಲ್ಲದಿದ್ದರೆ ಅದೇ ಪ್ರೋಗ್ರಾಮಿನಲ್ಲಿ ಬೇರೆ ಫೈಲ್ ಓದುವ ಮಾಡ್ಯೂಲ್‌ಗಳೂ ದಾರಿ ತಪ್ಪುತ್ತವೆ.