ಹಳೆ ಶಕ್ತಿಮಾನ್ ತಂದ ದಿನವೇ ಸೆಲ್ಫ್ ಹೊಡೆಯಬೇಡಿ

ಜಬಲ್ಪುರದಲ್ಲಿ ಜರ್ಮನಿಯ ಮ್ಯಾನ್ ಕಂಪನಿ ಲೈಸೆನ್ಸ್ ಮೇಲೆ ಮಾಡಿದ ಮಿಲಿಟರಿ ಲಾರಿ ಇದು. ಗಟ್ಟಿ ಗಾಡಿ, ನಿಜ. ಆದರೆ ವರ್ಷಗಟ್ಟಲೆ ನಿಂತಿದ್ದರೆ ಅವಸರ ಬೇಡ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಬಿಡಿ. ಆಮೇಲೆ ಇಂಜಿನ್ ಮುಂದಿರುವ ಕ್ರ್ಯಾಂಕ್ ಪುಲ್ಲಿ (ಬೆಲ್ಟ್ ಚಕ್ರ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಬಿಗಿಯಾದರೆ ಬಲ ಹಾಕಬೇಡಿ, ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ. ಆತುರಪಟ್ಟು ನಾನೊಮ್ಮೆ ಪಿಸ್ಟನ್ ರಿಂಗ್ ಮುರಿದುಕೊಂಡಿದ್ದೇನೆ!

ಡೀಸೆಲ್ ಟ್ಯಾಂಕಿನ ತಳದ ನಟ್ಟನ್ನೂ ಬಿಚ್ಚಿ ನೋಡಿ. ನನ್ನದರಲ್ಲಿ ಮೊದಲು ನೀರು, ಹಿಂದೆಯೇ ಕಾಫಿ ಗಸಟಿನಂಥ ಕೆಸರು ಬಂತು. ತೊಳೆದು, ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಹಸಿರು ಪೇಂಟ್ ಆಮೇಲೆ ನೋಡಿಕೊಂಡರಾಯಿತು, ಅಲ್ವಾ?