ಕೂರಿಗೆ ಹೂಡುವ ಮೊದಲು ಒಂದು ಗುಣಿ ತೋಡಿ

ನಮ್ಮದು ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಕಡೆ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲ. ಬೋರ್ ಇಲ್ಲ. ಚಳ್ಳಕೆರೆ ತಾಲೂಕಿನಲ್ಲಿ ಶೇಂಗಾ ಬಿತ್ತುವುದು ಅಂದರೆ ಇಸ್ಪೀಟು ಆಡಿದ ಹಾಗೆ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ವರ್ಷ ಪುನರ್ವಸು ಮಳೆಯಲ್ಲಿ ರಾತ್ರಿಯೆಲ್ಲ ಸೋನೆ ಹಿಡಿಯಿತು. ಬೆಳಿಗ್ಗೆ ಪಕ್ಕದ ಹೊಲದವರು ಬೀಜ ಬಿತ್ತಲು ಕೂರಿಗೆ ಹೂಡಿದರು. ಪಂಚಾಂಗದಲ್ಲಿ ದಿನವೂ ಚೆನ್ನಾಗಿತ್ತು. ನಮ್ಮ ಹಣೆಬರಹ ನೋಡೋಣ ಅಂತ ನಾನೂ ಬಿತ್ತಿಬಿಟ್ಟೆ. ಎಂಟು ದಿನ ಕಳೆದು ಸಾಲು ಕೆದಕಿದರೆ ಬೀಜ ಊದಿಕೊಂಡು ಬೂಷ್ಟು ಹಿಡಿದಿತ್ತು. ಅದರ ಕೆಳಗೆ ಮಣ್ಣು ಒಣ ಪುಡಿ. ಮಳೆಯನ್ನು ಬೈದು ಏನು ಬಂತು? ಒಂದು ಗುಣಿ ತೋಡಿ ನೋಡಲಿಲ್ಲ ನಾನು.

ಈಗ ಕೆಲಸ ಶುರು ಮಾಡುವುದು ಮಳೆಗಿಂತ ಮುಂಚೆ. ಬೀಜದ ಕಾಯಿಯನ್ನು ಮನೆಯಲ್ಲೇ ಕೈಯಲ್ಲಿ ಸುಲಿಯಿರಿ, ಅದೂ ಬಿತ್ತನೆ ಹತ್ತಿರ ಬಂದಾಗ. ಕೆಂಪು ಸಿಪ್ಪೆ ಕಿತ್ತುಹೋದ ಕಾಳು, ಸೀಳಿದ ಕಾಳು ಬೇರೆ ಮಾಡಿ. ಉಳಿದದ್ದರಲ್ಲಿ ಕಣ್ಣುಮುಚ್ಚಿ 100 ಕಾಳು ಎತ್ತಿಕೊಳ್ಳಿ. ದಪ್ಪದ್ದೇ ಆರಿಸಿದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ. ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಆರನೇ ದಿನ ಬಿಚ್ಚಿ ಎಣಿಸಿ. 70 ಕಾಳು ಚೆನ್ನಾಗಿ ಮೊಳೆತಿದ್ದರೆ ಬಿತ್ತಬಹುದು. 60 ಆದರೆ ಎಕರೆಗೆ ಬೀಜ ಸ್ವಲ್ಪ ಜಾಸ್ತಿ ಹಿಡಿಯಿರಿ. 50ಕ್ಕೂ ಕಡಿಮೆಯಾದರೆ ಅದು ಎಣ್ಣೆ ಮಿಲ್ಲಿನ ಮಾಲು. ಚಳ್ಳಕೆರೆಯಲ್ಲಿ ಮಿಲ್ಲಿಗೇನು ಬರ ಇಲ್ಲವಲ್ಲ.

ಮಳೆ ಅಳೆಯಲು ನೆಟ್ಟಗಿರುವ ತಗಡಿನ ಡಬ್ಬಿ ಸಾಕು. ಹೊಲದ ಬಯಲಲ್ಲಿ ಇಟ್ಟು ಬೆಳಿಗ್ಗೆ ಮಕ್ಕಳ ಸ್ಕೇಲು ಅದ್ದಿ ನೋಡಿ. ಒಂದೆರಡು ದಿನದಲ್ಲಿ 25 ಮಿಲಿಮೀಟರ್ ಆಗದೆ ನಾನು ಕೂರಿಗೆ ಮುಟ್ಟುವುದಿಲ್ಲ. ಆಮೇಲೂ ಮೂರು ಕಡೆ ಗುಣಿ ತೋಡುತ್ತೇನೆ. ದಿಬ್ಬದ ಮೇಲೆ ಒಂದು ಇರಲೇಬೇಕು. ಒಂದು ಗೇಣು ಆಳದ ತನಕ ಹಸಿ ಇಳಿದಿರಬೇಕು. ಅಲ್ಲಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ. ಉಂಡೆ ಆಗಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಹಸಿ ಸಾಲದು. ಬಿದ್ದು ಚಪ್ಪಟೆಯಾದರೆ ಕೆಸರು, ಇನ್ನೊಂದು ದಿನ ಕಾಯಿರಿ.

ಪಕ್ಕದವರ ಕೂರಿಗೆ ಓಡುತ್ತಿರುವಾಗ ಸುಮ್ನೆ ಬದುವಿನ ಮೇಲೆ ಕೂರುವುದು ಕಷ್ಟ. ಇದರಲ್ಲಿ ಕಷ್ಟದ ಕೆಲಸ ಅಂದರೆ ಅದೊಂದೇ ಅನ್ನಿಸುತ್ತದೆ ನನಗೆ.

ಬೀಜ ಎರಡು ಇಂಚಿಗಿಂತ ಆಳ ಹೋಗಬಾರದು. ನಡುವೆ ತೊಗರಿಯ ಅಕ್ಕಡಿ ಸಾಲು, ಅಂದರೆ ಮಿಶ್ರ ಬೆಳೆಯ ಸಾಲು, ಹಾಕುವುದನ್ನು ಮರೆಯಬೇಡಿ, ಶೇಂಗಾ ಕೈಕೊಟ್ಟ ವರ್ಷ ನಮ್ಮ ಮನೆಗೆ ಬೇಳೆಯಾದರೂ ಬಂದಿದೆ. ನಾಲ್ಕು ಎಕರೆಯನ್ನೂ ಒಂದೇ ಮಳೆಗೆ ಬಿತ್ತುವುದಿಲ್ಲ. ಎರಡು ಈ ಹದಕ್ಕೆ, ಎರಡು ಮುಂದಿನ ಹದಕ್ಕೆ.

ದೇವರನ್ನು ಬಿಟ್ಟಿದ್ದೀರಾ ಅಂತ ಅತ್ತೆ ಕೇಳುತ್ತಾರೆ. ಇಲ್ಲಪ್ಪ, ಮೊದಲ ಹಿಡಿ ಬೀಜಕ್ಕೆ ಕೈ ಮುಗಿದೇ ಬಿತ್ತುತ್ತೇನೆ. ಆದರೆ ನಮ್ಮ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯೇ ‘ಮಾಡಿದಷ್ಟು ನೀಡು ಭಿಕ್ಷೆ’, ಅಂದರೆ ದುಡಿದಷ್ಟೇ ಫಲ, ಅಂದಿದ್ದಾರಲ್ವಾ?

ಆಗಸ್ಟ್ ಮಧ್ಯದ ತನಕ ಹದ ಸಿಗದಿದ್ದರೆ ಶೇಂಗಾ ಆಸೆ ಬಿಟ್ಟು ಹುರುಳಿ ಹಾಕಿ. ಬೀಜಕ್ಕೆ ಔಷಧಿ ಹಚ್ಚುವುದನ್ನು ಬಿತ್ತುವ ದಿನಕ್ಕೇ ಇಟ್ಟುಕೊಳ್ಳಿ. ಹಚ್ಚದೆ ಉಳಿದ ಬೀಜವನ್ನು ಹುರಿದು ಬೆಲ್ಲದ ಜೊತೆ ತಿನ್ನಬಹುದು. ಹಚ್ಚಿದ್ದನ್ನು ಮಾತ್ರ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.