ಲಕ್ಸೆಂಬರ್ಗ್‌ನಿಂದ ಜರ್ಮನಿಗೆ ಲಿಫ್ಟ್ ಬೇಕಾ? ಗಡಿಯ ಬಂಕ್‌ನಲ್ಲಿ ಕೇಳಿ

ಲಕ್ಸೆಂಬರ್ಗ್‌ನಿಂದ ಜರ್ಮನಿ ಕಡೆಗೆ ಲಿಫ್ಟ್ ಬೇಕಾದವರು ರಾಜಧಾನಿಯ ರಸ್ತೆಯಲ್ಲಿ ಸುಮ್ನೆ ಕೈ ತೋರಿಸುತ್ತಾ ನಿಲ್ಲಬೇಡಿ. ಗಡಿಯ ವಾಸರ್‌ಬಿಲಿಗ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿನ ಪೆಟ್ರೋಲ್ ಬಂಕ್‌ಗಳಲ್ಲಿ ನೇರವಾಗಿ ಕೇಳಿ. 2020ರಿಂದ ಈ ದೇಶದೊಳಗೆ ಬಸ್, ಟ್ರಾಮ್, ಎರಡನೇ ದರ್ಜೆಯ ರೈಲು ಎಲ್ಲವೂ ಉಚಿತ. ಪೆಟ್ರೋಲ್ ಇಲ್ಲಿ ಅಗ್ಗ, ಹಾಗಾಗಿ ಜರ್ಮನಿಯವರು ಟ್ಯಾಂಕ್ ತುಂಬಿಸಲೆಂದೇ ಬಂದು ವಾಪಸ್ ಹೋಗುತ್ತಾರೆ. ನಂಬರ್ ಪ್ಲೇಟ್ ನೋಡಿ ಕೇಳಿ: ಹಳದಿ ಅಂದ್ರೆ ಲಕ್ಸೆಂಬರ್ಗ್ ಗಾಡಿ, ಬಿಳಿ ಪ್ಲೇಟಿನ ನೀಲಿ ಪಟ್ಟಿಯಲ್ಲಿ ‘ಡಿ’ ಇದ್ದರೆ ಜರ್ಮನಿಯದು. ಆದರೆ ಇವರಲ್ಲಿ ಜಾಸ್ತಿ ಜನ ಹತ್ತಿರದ ಟ್ರಿಯರ್ ಕಡೆಯವರು. ಕಲೋನ್‌ನಂಥ ದೂರದ ಊರಿಗೆ ಇದನ್ನೇ ನಂಬಿ ಕೂರಬೇಡಿ. ಕತ್ತಲಾದ ಮೇಲಂತೂ ಬೇಡವೇ ಬೇಡ. ಗಡಿಯಲ್ಲಿ ಜರ್ಮನಿಯ ಪೊಲೀಸರು ತಪಾಸಣೆ ಮಾಡುವುದುಂಟು, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.